ಲಿಮಿಟೆಡ್ ಎಡಿಷನ್ ಪೆನ್ನು: ನಾನು ಕೊಳ್ಳುವುದು ಬರೆಯುವುದಕ್ಕೇ

ನನ್ನ ಹತ್ತಿರ ಇರುವ ಲಿಮಿಟೆಡ್ ಎಡಿಷನ್, ಅಂದರೆ ಇಷ್ಟೇ ಅಂತ ಎಣಿಸಿ ಮಾಡಿದ, ಫೌಂಟನ್ ಪೆನ್ನುಗಳಲ್ಲಿ ಶಾಯಿ ಕಾಣದೆ ಕೂತಿರುವುದು ಒಂದೂ ಇಲ್ಲ. ಇದನ್ನು ಕೇಳಿ ತಲೆ ಚಚ್ಚಿಕೊಳ್ಳುವ ಸಂಗ್ರಹಕಾರರು ಬಹಳ ಜನ ಇದ್ದಾರೆ. ಒಮ್ಮೆ ಶಾಯಿ ತುಂಬಿದರೆ ಬೆಲೆ ಇಳಿಯುತ್ತದೆ ಅನ್ನುತ್ತಾರೆ. ಸುಳ್ಳೇನಲ್ಲ. ಡಬ್ಬಿ, ಕಾರ್ಡು, ಮೈಮೇಲಿನ ಸ್ಟಿಕ್ಕರು ಎಲ್ಲಾ ಹಾಗೇ ಇರುವ, ಶಾಯಿಗೆ ಇಳಿಯದ ಪೆನ್ನಿಗೆ ಮುಂದೆ ಜಾಸ್ತಿ ಬೆಲೆ ಸಿಗುತ್ತದೆ. ಆದರೆ ಮಾರುವ ಲೆಕ್ಕದಲ್ಲಿ ನಾನು ಕೊಳ್ಳುವುದಿಲ್ಲ. ಹಾಗಾಗಿ ನಾನು ಪೆನ್ನು ಆರಿಸುವ ಕ್ರಮವೂ ಬೇರೆ.

ಮೊದಲು ತಿಳಿದುಕೊಂಡ ವಿಷಯ ಇದು. ಲಿಮಿಟೆಡ್ ಎಡಿಷನ್ ಅಂದಾಗ ಹೆಚ್ಚಿನ ಕಡೆ ಬದಲಾಗುವುದು ಪೆನ್ನಿನ ಮೈ ಮಾತ್ರ. ಒಳಗಿನ ನಿಬ್ಬು, ಅದಕ್ಕೆ ಶಾಯಿ ಮುಟ್ಟಿಸುವ ಫೀಡು, ಶಾಯಿ ಎಳೆಯುವ ವ್ಯವಸ್ಥೆ ಅದೇ ಕಂಪನಿಯ ದಿನನಿತ್ಯದ ಮಾಡೆಲ್‌ನದ್ದೇ ಆಗಿರುತ್ತದೆ. ಪೆಲಿಕಾನ್ ಕಂಪನಿಯ ಎಂ800 ಮಾಡೆಲ್ ಬಂದಿದ್ದು 1987ರಲ್ಲಿ. ಆಮೇಲೆ ಬಂದ ಅವರ ಎಷ್ಟೋ ವಿಶೇಷ ಪೆನ್ನುಗಳನ್ನು ಬಿಚ್ಚಿ ನೋಡಿದರೆ ಸಿಗುವುದು ಶಾಯಿ ಎಳೆಯುವ ಅದೇ ಹಿತ್ತಾಳೆಯ ಪಿಸ್ಟನ್, ಅದೇ ಅಳತೆಯ ನಿಬ್ಬು. ಮೇಲಿನ ಬಣ್ಣ ಬೇರೆ, ಕುಸುರಿ ಬೇರೆ, ಬೆಲೆಯಂತೂ ಬೇರೆಯೇ.

ಈ ಮಾತು ಹೊಸದೇನಲ್ಲ. ಲಿಮಿಟೆಡ್ ಎಡಿಷನ್ ಪೆನ್ನುಗಳ ಕಥೆ ಶುರುವಾದದ್ದೇ ಹೀಗೆ ಅನ್ನಬಹುದು. 1715ರಲ್ಲಿ ಸ್ಪೇನ್‌ನ ಹಡಗುಗಳ ಗುಂಪೊಂದು ಬೆಳ್ಳಿ, ಚಿನ್ನ ಹೊತ್ತು ಹೊರಟು ಫ್ಲಾರಿಡಾ ತೀರದ ಹತ್ತಿರ ಬಿರುಗಾಳಿಗೆ ಸಿಕ್ಕಿ ಮುಳುಗಿತು. ಎರಡೂವರೆ ಶತಮಾನ ಕಳೆದ ಮೇಲೆ ಸಮುದ್ರದಿಂದ ಮೇಲೆತ್ತಿದ ಆ ಬೆಳ್ಳಿಯಿಂದ ಪಾರ್ಕರ್ ಕಂಪನಿ 1965ರಲ್ಲಿ 4,821 ಪೆನ್ನು ಮಾಡಿತು. ಸಂಗ್ರಹಕಾರರು ಈಗಲೂ ಅದರ ಹಿಂದೆ ಬೀಳುತ್ತಾರೆ. ಕಥೆ ಕೇಳಿದರೆ ಮೈ ಜುಮ್ಮೆನ್ನುತ್ತದೆ, ಅಲ್ವಾ? ಆದರೆ ಕೈಯಲ್ಲಿ ಹಿಡಿದು ಬರೆದರೆ ಅದು ಪಾರ್ಕರ್ 75, ಅಷ್ಟೇ. ಅದೇ ತಿರುಗಿಸಿ ಕೋನ ಹೊಂದಿಸಿಕೊಳ್ಳುವ ನಿಬ್ಬು, ಬೆರಳಿಡುವ ಜಾಗದಲ್ಲಿ ಅದೇ ತ್ರಿಕೋನದ ಹಿಡಿತ. 75 ನಿಮ್ಮ ಬೆರಳಿಗೆ ಒಗ್ಗದಿದ್ದರೆ ಮುಳುಗಿದ ಹಡಗಿನ ಬೆಳ್ಳಿಯೂ ಒಗ್ಗುವುದಿಲ್ಲ.

ಅದಕ್ಕೇ ನಾನು ಮೊದಲು ಮಾಮೂಲಿ ಮಾಡೆಲ್ ತೆಗೆದುಕೊಂಡು ಕೆಲವು ತಿಂಗಳು ಬರೆಯುತ್ತೇನೆ. ಸ್ನೇಹಿತರ ಹತ್ತಿರ ಇದ್ದರೆ ಎರವಲು ಕೇಳುತ್ತೇನೆ. ಪುಟಗಟ್ಟಲೆ ಬರೆದರೂ ಕೈ ನೋಯಲಿಲ್ಲ, ವಾರ ಬಿಟ್ಟು ಮುಚ್ಚಳ ತೆಗೆದರೂ ಮೊದಲ ಗೆರೆಯಲ್ಲೇ ಶಾಯಿ ಬಂತು ಅಂದರೆ ಸರಿ. ಆಮೇಲೆ ಅದೇ ಮಾಡೆಲ್‌ನ ಮೇಲೆ ಮನಸ್ಸಿಗೆ ಹಿಡಿಸುವ ಎಡಿಷನ್ ಬರಲಿ ಅಂತ ಕಾಯುತ್ತೇನೆ. ಹೀಗೆ ಮಾಡುವುದರಿಂದ ಕೊಳ್ಳುವ ವೇಗ ಬಹಳ ಕಮ್ಮಿಯಾಯಿತು. ಒಳ್ಳೆಯದೇ ಆಯಿತು.

ಸಂಖ್ಯೆಯ ಬಗ್ಗೆ ಒಂದೆರಡು ಮಾತು. ಮಾಂಟ್‌ಬ್ಲಾಂಕ್ ಕಂಪನಿ 1992ರಲ್ಲಿ ಲಿಮಿಟೆಡ್ ಪೆನ್ನುಗಳ ಎರಡು ಸಾಲುಗಳನ್ನು ಶುರು ಮಾಡಿತು. ಲೇಖಕರ ಹೆಸರಿನ ಸಾಲಿಗೆ ಹೆಮಿಂಗ್‌ವೇ ಮೊದಲಿಗರಾದರು. ಕಲಾಪೋಷಕರ ಸಾಲಿಗೆ ಲೊರೆಂಜೊ ದ ಮೆಡಿಚಿ. ಈ ಎರಡನೆಯದನ್ನು ಬೆಳ್ಳಿಯಲ್ಲಿ ಕೆತ್ತಿ 4,810 ಮಾತ್ರ ಮಾಡಿದರು. ಯಾಕೆ 4,810 ಅಂದರೆ ಮಾಂಟ್ ಬ್ಲಾಂಕ್ ಶಿಖರದ ಎತ್ತರ ಅಂತ ಕಂಪನಿ ಹಿಡಿದುಕೊಂಡಿರುವುದು ಅಷ್ಟು ಮೀಟರು. ಅವರ ಮೈಸ್ಟರ್‌ಸ್ಟುಕ್ ಅನ್ನುವ ಮಾಡೆಲ್‌ನ ನಿಬ್ಬಿನ ಮೇಲೂ ಅದೇ ಅಂಕಿ ಕೆತ್ತಿರುತ್ತದೆ. ಪ್ಲಾಟಿನಂ ಕಂಪನಿ ತನ್ನ ಪೆನ್ನಿಗೆ 3776 ಅಂತ ಹೆಸರಿಟ್ಟಿದ್ದೂ ಫ್ಯುಜಿ ಪರ್ವತದ ಎತ್ತರ ನೋಡಿಯೇ. ಪೆನ್ನು ಮಾಡುವವರಿಗೆ ಬೆಟ್ಟದ ಮೇಲೆ ಅದೇನು ಮೋಹವೋ.

ಅಂಕಿ ಚಂದ ಇದೆ ಅಂತ ಮೋಸ ಹೋಗಬಾರದು. 'ಲಿಮಿಟೆಡ್' ಬೇರೆ, 'ಸ್ಪೆಷಲ್' ಬೇರೆ. ಸ್ಪೆಷಲ್ ಎಡಿಷನ್ ಅಂದರೆ ಸಾಮಾನ್ಯವಾಗಿ ಎಷ್ಟು ಮಾಡುತ್ತಾರೆ ಅನ್ನುವ ಮಿತಿ ಇರುವುದಿಲ್ಲ, ಸ್ವಲ್ಪ ಕಾಲ ಮಾಡಿ ನಿಲ್ಲಿಸುತ್ತಾರೆ. ಲಿಮಿಟೆಡ್‌ನಲ್ಲೂ ಒಂದು ಸೂಕ್ಷ್ಮ ಇದೆ. ಫೌಂಟನ್ ಪೆನ್ನಿಗೆ ಒಂದು ಎಣಿಕೆ, ಅದೇ ವಿನ್ಯಾಸದ ರೋಲರ್‌ಬಾಲ್‌ಗೆ ಇನ್ನೊಂದು ಎಣಿಕೆ, ಚಿನ್ನದ ಮೈಗೆ ಮತ್ತೊಂದು ಇರಬಹುದು. 500 ಅಂತ ಬರೆದಿದ್ದರೆ ಯಾವುದರ 500 ಅಂತ ನಾನು ಕೇಳಿಯೇ ಕೇಳುತ್ತೇನೆ.

ಇನ್ನು ಚಿನ್ನದ ನಿಬ್ಬು. 585 ಅಂತ ಕೆತ್ತಿದ್ದರೆ 14 ಕ್ಯಾರಟ್, 750 ಅಂದರೆ 18. ಜಪಾನಿನ ಸೇಲರ್ 21 ಕ್ಯಾರಟ್‌ವರೆಗೂ ಹೋಗುತ್ತದೆ. ಕ್ಯಾರಟ್ ಜಾಸ್ತಿಯಾದಷ್ಟೂ ನಿಬ್ಬು ಮೆತ್ತಗೆ ಅನ್ನುವುದು ನನ್ನ ಕೈಗೆ ನಿಜ ಅನ್ನಿಸಿಲ್ಲ. ನಿಬ್ಬು ಬಾಗುವುದು ಬಿಡುವುದು ತಗಡಿನ ದಪ್ಪ, ಭುಜದ ಆಕಾರ, ಸೀಳಿನ ಉದ್ದದ ಮೇಲೆ ನಿಂತಿದೆ. ಕಾಗದ ಮುಟ್ಟುವ ತುದಿಯಂತೂ ಚಿನ್ನವೇ ಅಲ್ಲ. ಬೇಗ ಸವೆಯದ ಗಟ್ಟಿ ಮಿಶ್ರಲೋಹದ ಪುಟ್ಟ ಗುಂಡು ಅದು. ಅದನ್ನು ಬೆಸೆದು, ಸೀಳಿ, ಉಜ್ಜಿ ನಯ ಮಾಡಿರುತ್ತಾರೆ.

ಆ ಗುಂಡು ಎಷ್ಟು ಸಣ್ಣದಿರಬೇಕು ಅನ್ನುವುದು ನೀವು ಯಾವ ಲಿಪಿ ಬರೆಯುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಕನ್ನಡ ಬರೆಯುವವರು ಇದನ್ನು ಬಹಳ ಯೋಚಿಸಬೇಕು. ನಮ್ಮ ಅಕ್ಷರಗಳು ಪೂರ್ತಿ ದುಂಡು. ನಿಬ್ಬು ಎಡ, ಬಲ, ಮೇಲೆ, ಕೆಳಗೆ ಎಲ್ಲಾ ದಿಕ್ಕಿಗೂ ಓಡಬೇಕು. ಅದರ ಜೊತೆಗೆ ಒತ್ತಕ್ಷರ ಬೇರೆ. ದಪ್ಪ ನಿಬ್ಬಿನಲ್ಲಿ 'ರಾಷ್ಟ್ರ' ಅಂತ ಬರೆದು ನೋಡಿ. ಕೆಳಗಿನ ಟ-ಒತ್ತಿನ ಹೊಟ್ಟೆ ಮುಚ್ಚಿಹೋಗುತ್ತದೆ, ರ-ಒತ್ತು ಅದಕ್ಕೇ ಅಂಟಿಕೊಳ್ಳುತ್ತದೆ. 'ಲಕ್ಷ್ಮಿ' ಬರೆದರೆ ಮ-ಒತ್ತು ಒಂದು ಚುಕ್ಕೆ. ಇಂಗ್ಲಿಷ್‌ಗೆ ಹೇಳಿ ಮಾಡಿಸಿದ ಅಗಲ ತುದಿಯ ಸ್ಟಬ್ ನಿಬ್ಬು ಕನ್ನಡದಲ್ಲಿ ಮೇಲಿಂದ ಕೆಳಕ್ಕೆ ಎಳೆಯುವ ಗೆರೆಗಳನ್ನೆಲ್ಲ ಅನಾವಶ್ಯಕವಾಗಿ ದಪ್ಪ ಮಾಡುತ್ತದೆ. ದೊಡ್ಡಕ್ಷರದ ಶೀರ್ಷಿಕೆಗೆ ಚಂದ, ಪತ್ರಕ್ಕೆ ಬೇಡ. ನನಗೆ ಒಗ್ಗಿದ್ದು ಜಪಾನಿನ ಫೈನ್ ಅಥವಾ ಯೂರೋಪಿನ ಎಕ್ಸ್‌ಟ್ರಾ ಫೈನ್. ಜಪಾನಿನ ಫೈನ್ ಸಾಮಾನ್ಯವಾಗಿ ಯೂರೋಪಿನದಕ್ಕಿಂತ ಒಂದು ಮೆಟ್ಟಿಲು ಸಣ್ಣ. ಲಿಮಿಟೆಡ್ ಎಡಿಷನ್‌ಗಳಲ್ಲಿ ಒಂದು ತೊಂದರೆ ಏನೆಂದರೆ ಹಲವು ಸಲ ಮೀಡಿಯಂ ಮಾತ್ರ ಸಿಗುತ್ತದೆ. ಆಗ ನಾನು ಕೊಳ್ಳುವುದಿಲ್ಲ, ಎಷ್ಟೇ ಚಂದ ಇರಲಿ. ನಿಬ್ಬು ಉಜ್ಜಿ ಸಣ್ಣ ಮಾಡಿಕೊಡುವ ಕುಶಲಿಗರು ಇದ್ದಾರೆ, ನಿಜ. ಆದರೆ ಕಂಪನಿಯ ಖಾತರಿ ಅಲ್ಲಿಗೆ ಮುಗಿಯಿತು ಅಂತ ತಿಳಿದುಕೊಂಡೇ ಕೊಡಬೇಕು.

ಪೆನ್ನು ಕೈಗೆ ಬಂದ ದಿನ ಶಾಯಿ ತುಂಬುವ ಮೊದಲು ಹತ್ತು ಪಟ್ಟಿನ ಭೂತಗನ್ನಡಿ ತೆಗೆಯುತ್ತೇನೆ. ಬೆಳಕಿಗೆ ಬೆನ್ನು ಮಾಡಿ ಅಲ್ಲ, ಬೆಳಕಿನ ಕಡೆ ಮುಖ ಮಾಡಿ ನಿಬ್ಬನ್ನು ಎತ್ತಿ ಹಿಡಿಯಬೇಕು. ಸೀಳು ನಿಬ್ಬಿನ ಮಧ್ಯದ ಉಸಿರಾಡುವ ತೂತಿನ ಹತ್ತಿರ ಸ್ವಲ್ಪ ಅಗಲವಾಗಿದ್ದು ತುದಿಗೆ ಬರುತ್ತಾ ಕೂದಲೆಳೆಯಷ್ಟಾಗಬೇಕು. ತುದಿಯಲ್ಲಿ ಬೆಳಕು ಜಾಸ್ತಿ ಕಂಡರೆ ಶಾಯಿ ತುದಿ ಮುಟ್ಟದೆ ಮಧ್ಯೆ ಕಡಿದುಹೋಗಬಹುದು. ಆಮೇಲೆ ನಿಬ್ಬಿನ ಮೂತಿಯನ್ನು ಕಣ್ಣಿಗೆ ನೇರವಾಗಿ ತಿರುಗಿಸಿ ನೋಡುತ್ತೇನೆ. ಸೀಳಿನ ಆಚೆ ಈಚೆ ಇರುವ ಎರಡು ಹಲ್ಲೂ ಒಂದೇ ಮಟ್ಟದಲ್ಲಿ ಇರಬೇಕು. ಒಂದು ಕೂದಲಷ್ಟು ಕೆಳಗಿದ್ದರೂ ಒಂದು ದಿಕ್ಕಿಗೆ ಎಳೆದಾಗ ಕಾಗದ ಕೆರೆಯುತ್ತದೆ. ಇನ್ನೊಂದು ದೋಷ ಇದೆ. ಅತಿ ನಯ ಮಾಡುವ ಆಸೆಗೆ ಸೀಳಿನ ಒಳ ಅಂಚನ್ನು ಜಾಸ್ತಿ ಉಜ್ಜಿಬಿಟ್ಟಿರುತ್ತಾರೆ. ಆಗ ಪೆನ್ನು ಜಾರುವಷ್ಟು ನಯ, ಆದರೆ ಅಕ್ಷರ ಶುರುವಾಗುವ ಜಾಗದಲ್ಲಿ ಮಸಿಯೇ ಬೀಳುವುದಿಲ್ಲ. ದುಬಾರಿ ಪೆನ್ನುಗಳಲ್ಲೇ ಇದನ್ನು ಹೆಚ್ಚು ನೋಡಿದ್ದೇನೆ. ಒತ್ತಿ ಬರೆದು ಸರಿಮಾಡುತ್ತೇನೆ ಅನ್ನಬೇಡಿ, ವಾಪಸು ಕಳಿಸಿ.

ಮೊದಲ ಶಾಯಿ ಯಾವಾಗಲೂ ಸಾದಾ ನೀಲಿ. ನೀರಿನಲ್ಲಿ ಸುಲಭವಾಗಿ ತೊಳೆದುಹೋಗುವಂಥದ್ದು. ಮಿನುಗುವ ಪುಡಿ ಹಾಕಿದ ಶಾಯಿ, ನೀರಿನಲ್ಲಿ ಕರಗದ ಬಣ್ಣದ ಪಿಗ್ಮೆಂಟ್ ಶಾಯಿ ಇವಕ್ಕೆಲ್ಲ ಬೇರೆ ಅಗ್ಗದ ಪೆನ್ನುಗಳಿವೆ. ಚಿತ್ರಕಾರರು ಬಳಸುವ ಇಂಡಿಯನ್ ಇಂಕ್ ಅಂತೂ ಯಾವ ಫೌಂಟನ್ ಪೆನ್ನಿಗೂ ಬೇಡ. ಅದರಲ್ಲಿರುವ ಅರಗು ಫೀಡಿನಲ್ಲಿ ಗಟ್ಟಿಯಾದರೆ ನೀರಿಗೆ ಬಿಡುವುದಿಲ್ಲ. ಪಾರದರ್ಶಕ ಮೈ ಇದ್ದರೆ ಗಾಢ ಕೆಂಪು, ನೇರಳೆಯನ್ನೂ ದೂರ ಇಡುತ್ತೇನೆ, ಕಲೆ ಉಳಿಯುತ್ತದೆ. ತೊಳೆಯುವುದು ತಣ್ಣೀರಿನಲ್ಲೇ. ಬಿಸಿನೀರು, ಸ್ಪಿರಿಟ್ಟು ಎರಡೂ ಬೇಡ.

ಒಂದು ಹೊತ್ತಿಗೆ ಎರಡು ಮೂರು ಪೆನ್ನಿನಲ್ಲಿ ಮಾತ್ರ ಶಾಯಿ ಇಡುತ್ತೇನೆ. ಅದು ಖಾಲಿಯಾಗುವ ತನಕ ಅದರಲ್ಲೇ ಬರೆಯುವುದು. ಖಾಲಿಯಾದ ಮೇಲೆ ತೊಳೆದು, ನಿಬ್ಬು ಕೆಳಗೆ ಮಾಡಿ ಬಟ್ಟೆಯ ಮೇಲೆ ರಾತ್ರಿಯಿಡೀ ನಿಲ್ಲಿಸಿ, ಆಮೇಲೇ ಇನ್ನೊಂದರ ಸರದಿ.

ಮೈಯ ವಸ್ತು ನೋಡಿಕೊಂಡು ಆರೈಕೆ ಬದಲಾಗುತ್ತದೆ. ಇಲ್ಲಿ ಸ್ವಲ್ಪ ನಿಧಾನಿಸಿ ಹೇಳಬೇಕು, ಯಾಕೆಂದರೆ ಪೆನ್ನು ಹಾಳಾಗುವುದು ಬರೆದು ಅಲ್ಲ, ಇಟ್ಟು.

ಸೆಲ್ಯುಲಾಯ್ಡ್ ಅನ್ನುವ ಹಳೇ ಕಾಲದ ಪ್ಲಾಸ್ಟಿಕ್ಕಿನ ಪೆನ್ನಿನ ಮುಚ್ಚಳ ತೆಗೆದು ಮೂಸಿದರೆ ಕರ್ಪೂರದ ವಾಸನೆ. ಆ ವಸ್ತು ಮಾಡುವುದೇ ಕರ್ಪೂರ ಸೇರಿಸಿ. ಇಟಲಿಯ ಬೊಲೊನ್ಯಾದ ಓಮಾಸ್ ಕಂಪನಿ ಇದರಲ್ಲಿ ಎತ್ತಿದ ಕೈ. 1925ರಲ್ಲಿ ಶುರುವಾಗಿ 2016ರಲ್ಲಿ ಬಾಗಿಲು ಹಾಕಿತು. ಸೆಲ್ಯುಲಾಯ್ಡ್ ಕಾಲ ಕಳೆದಂತೆ ಆವಿ ಬಿಡುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಟ್ಟರೆ ಆ ಆವಿಯೇ ಮೈಯನ್ನು ತಿನ್ನುತ್ತದೆ. ಕ್ಲಿಪ್ಪಿಗೆ ಹಸಿರು ಬರುತ್ತದೆ, ಪಕ್ಕದ ಪೆನ್ನಿಗೂ ತಾಗುತ್ತದೆ. ಹಾಗಾಗಿ ಸೆಲ್ಯುಲಾಯ್ಡ್‌ಗಳನ್ನು ಗಾಳಿಯಾಡುವ ತಟ್ಟೆಯಲ್ಲಿ ಪ್ರತ್ಯೇಕವಾಗಿ ಇಡುತ್ತೇನೆ. ಆಗಾಗ ಮೂಸುತ್ತೇನೆ. ಕರ್ಪೂರ ಹೋಗಿ ಹುಳಿ ವಾಸನೆ ಬಂದರೆ ಕೆಡಲು ಶುರುವಾಯಿತು ಅಂತ. ಬೆಂಕಿಗೂ ದೂರ, ಅದು ಬೇಗ ಹೊತ್ತಿಕೊಳ್ಳುವ ವಸ್ತು.

ಎಬೊನೈಟ್, ಅಂದರೆ ಗಟ್ಟಿ ರಬ್ಬರು, ಬಿಸಿಲಿಗೆ, ತೇವಕ್ಕೆ ಕಪ್ಪು ಬಿಟ್ಟು ಪಾಚಿ ಬಣ್ಣಕ್ಕೆ ತಿರುಗುತ್ತದೆ. ಅದರಲ್ಲಿ ಗಂಧಕ ಇರುವುದರಿಂದ ಬೆಳ್ಳಿಯ ಪೆನ್ನಿನ ಪಕ್ಕ ಮಲಗಿಸುವುದಿಲ್ಲ. ಬೆಳ್ಳಿಗೆ ರಬ್ಬರ್ ಬ್ಯಾಂಡು ಸುತ್ತುವುದೂ ಅದೇ ಕಾರಣಕ್ಕೆ ಬೇಡ, ಸುತ್ತಿದ ಜಾಗ ಕಪ್ಪಾಗುತ್ತದೆ. ಬೆಳ್ಳಿಯನ್ನು ಹೊಳಪು ಬರುವವರೆಗೂ ತಿಕ್ಕುವವರನ್ನು ಕಂಡರೆ ನನಗೆ ಕಸಿವಿಸಿ. ಕೆತ್ತನೆಯ ತಗ್ಗಿನಲ್ಲಿ ಕೂತ ಕಪ್ಪೇ ಅದರ ಅಂದ. ಬರೆಯುತ್ತಾ ಇದ್ದರೆ ಬೆರಳೇ ಉಬ್ಬುಗಳನ್ನು ಸಾಕಷ್ಟು ಹೊಳೆಯಿಸುತ್ತದೆ.

ಜಪಾನಿನ ಮಾಕಿ-ಎ ಪೆನ್ನುಗಳ ಮಾತೇ ಬೇರೆ. ಅದಕ್ಕೆ ಬಳಸುವ ಉರುಶಿ ಅನ್ನುವ ಅರಗು ಮರದ ಹಾಲು. ಅದನ್ನು ತೆಳ್ಳಗೆ ಪದರ ಪದರವಾಗಿ ಹಚ್ಚಿ, ಹಸಿ ಇದ್ದಾಗಲೇ ಚಿನ್ನದ ಪುಡಿ ಚಿಮುಕಿಸಿ ಚಿತ್ರ ಬಿಡಿಸುವುದೇ ಮಾಕಿ-ಎ. ಉರುಶಿ ಒಣಗಿ ಗಟ್ಟಿಯಾಗುವುದು ಬಿಸಿಲಿನಲ್ಲಿ ಅಲ್ಲ, ತೇವದ ಗಾಳಿಯಲ್ಲಿ. ಗಾಳಿಯಲ್ಲಿ ತೇವ ಬೇಕೇ ಬೇಕು. ನಮಿಕಿ ಕಂಪನಿ ಈ ಕೆಲಸವನ್ನು ಪೆನ್ನಿನ ಮೇಲೆ ತಂದು, 1930ರಲ್ಲಿ ಲಂಡನ್ನಿನ ಡನ್‌ಹಿಲ್ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡು ಯೂರೋಪಿಗೂ ಮುಟ್ಟಿಸಿತು. ಕಲಾವಿದರು ತಮ್ಮ ರುಜು ಹಾಕಿರುತ್ತಾರೆ. ಇದನ್ನು ನೋಡಲಿಕ್ಕೆ ಮಾತ್ರ ಅಂದುಕೊಳ್ಳುವವರೇ ಹೆಚ್ಚು. ಆದರೆ ಉರುಶಿ ಬೆರಳಿಗೆ ಕೊಡುವ ಹಿತ ಪ್ಲಾಸ್ಟಿಕ್ ಕೊಡುವುದಿಲ್ಲ. ಲೋಹದ ತಣ್ಣನೆ ಇಲ್ಲ, ಬೆವರಿಗೆ ಜಾರುವುದೂ ಇಲ್ಲ. ನೇರ ಬಿಸಿಲು ತಾಗಿಸಬೇಡಿ, ನೀರಿನಲ್ಲಿ ನೆನೆಹಾಕಬೇಡಿ, ಮೃದುವಾದ ಬಟ್ಟೆಯಲ್ಲಿ ಒರೆಸಿ. ಇಷ್ಟು ಸಾಕು.

ನಮಿಕಿಯ ದೊಡ್ಡ ಎಂಪರರ್ ಮಾಡೆಲ್‌ನಲ್ಲಿ ಶಾಯಿಯನ್ನು ನೇರವಾಗಿ ಹೊಟ್ಟೆಗೇ ಹುಯ್ಯುವುದು. ಬಾಲದಲ್ಲಿ ಒಂದು ತಿರುಗಣೆ. ಅದನ್ನು ಬಿಗಿಮಾಡಿದರೆ ಒಳಗಿನ ಕಡ್ಡಿ ಮುಂದೆ ಬಂದು ದಾರಿ ಮುಚ್ಚುತ್ತದೆ. ಗೊತ್ತಿಲ್ಲದವರು ಒಂದೆರಡು ಪುಟ ಬರೆದು 'ಪೆನ್ನು ಕೆಟ್ಟಿತು' ಅನ್ನುತ್ತಾರೆ. ಸುಮ್ನೆ ಬಾಲ ಸ್ವಲ್ಪ ಸಡಿಲಿಸಿದರೆ ಆಯಿತು, ಶಾಯಿ ಮತ್ತೆ ಹರಿಯುತ್ತದೆ.

ತೂಕವನ್ನು ಕೈಯಲ್ಲಿ ಹಿಡಿಯದೆ ನಂಬಬೇಡಿ. ಬೆಳ್ಳಿ, ಹಿತ್ತಾಳೆ ಹೊದಿಸಿದ ಎಡಿಷನ್‌ಗಳು ಭಾರ ಇರುತ್ತವೆ. ಭಾರ ಹಿಂದಿದ್ದರೆ ಮಣಿಕಟ್ಟು ಬೇಗ ಸೋಲುತ್ತದೆ. ನಾನು ಮುಚ್ಚಳವನ್ನು ಪೆನ್ನಿನ ಹಿಂದೆ ಸಿಕ್ಕಿಸುವುದೇ ಇಲ್ಲ. ತೂಕಕ್ಕೂ ಸರಿ, ಮೈಮೇಲೆ ಉಂಗುರದ ಗುರುತೂ ಬೀಳುವುದಿಲ್ಲ.

ಹಳೆಯ ಎಡಿಷನ್‌ಗಳನ್ನು ಬಳಸಿದವರಿಂದಲೇ ಕೊಳ್ಳಬೇಕಾಗುತ್ತದೆ. ಬರೆಯುವವರಿಗೆ ಅದೇ ಲಾಭ, ಶಾಯಿ ಕಂಡ ಪೆನ್ನು ಅಂತ ಬೆಲೆ ಇಳಿದಿರುತ್ತದೆ. ಆದರೆ ಪೆನ್ನಿನ ಮೇಲಿನ ಸಂಖ್ಯೆ, ಕಾರ್ಡಿನ ಸಂಖ್ಯೆ ಎರಡರ ಹತ್ತಿರದ ಫೋಟೊ ಬೇಕು. ನಿಬ್ಬನ್ನು ಪಕ್ಕದಿಂದ, ಮೇಲಿಂದ ತೆಗೆದ ಫೋಟೊ ಬೇಕು. ಮುಚ್ಚಳದ ತುಟಿಯಲ್ಲಿ ಬಿರುಕು ಇದೆಯೇ ಅಂತ ಕೇಳಬೇಕು, ಹೆಚ್ಚು ಒಡೆಯುವುದೇ ಅಲ್ಲಿ. ಒಬ್ಬ ಮಾರಾಟಗಾರರು ನನಗೆ ಕಳಿಸಿದ ಪೆನ್ನಿನಲ್ಲಿ ಸಂಖ್ಯೆಯೆಲ್ಲ ಸರಿಯಾಗಿತ್ತು, ನಿಬ್ಬು ಮಾತ್ರ ಮಾಮೂಲಿ ಮಾಡೆಲ್‌ನದ್ದು. ಎಡಿಷನ್ನಿನ ನಿಬ್ಬಿನಲ್ಲಿ ಇರಬೇಕಾದ ಕೆತ್ತನೆಯೇ ಇರಲಿಲ್ಲ. ಕೇಳಿದರೆ 'ಬರೆಯುವುದಕ್ಕೆ ಎರಡೂ ಒಂದೇ ಅಲ್ವಾ' ಅಂದರು. ಬರೆಯುವ ಮಟ್ಟಿಗೆ ಅವರ ಮಾತು ನಿಜವೇ. ಹಾಗಾದರೆ ಮಾಮೂಲಿ ಪೆನ್ನಿನ ಬೆಲೆಗೇ ಕೊಡಿ ಅಂದೆ. ಪೆನ್ನನ್ನು ವಾಪಸು ತೆಗೆದುಕೊಂಡರು.