ಸಣ್ಣ ಆಫೀಸಿಗೆ ಸರ್ವರ್: ಮೊದಲು ಕರೆಂಟ್ ನೋಡಿ, ಆಮೇಲೆ ಕಂಪ್ಯೂಟರ್

ಗಂಜಿನ ಅಡತ್ ಅಂಗಡಿ, ಕಪನೂರಿನ ದಾಲ್ ಮಿಲ್, ಸೇಡಂ ರಸ್ತೆಯ ಆಡಿಟರ್ ಆಫೀಸು. ಕಲಬುರಗಿಯಲ್ಲಿ ನಾನು ನೋಡಿದ ಸತ್ತ ಸರ್ವರ್‌ಗಳಲ್ಲಿ ಪ್ರೊಸೆಸರ್ ಸಾಲದೆ ಸತ್ತದ್ದು ಒಂದೂ ಇಲ್ಲ. ಕರೆಂಟ್, ಬಿಸಿಲು, ತೊಗರಿ ಹೊಟ್ಟಿನ ದೂಳು ಇವೇ ಕೊಂದಿದ್ದು. ಆದರೂ ಜನ ದುಡ್ಡೆಲ್ಲ ಪ್ರೊಸೆಸರಿಗೆ ಸುರಿದು, ಯುಪಿಎಸ್ ಹತ್ತಿರ ಬಂದಾಗ ಚೌಕಾಶಿಗೆ ಕೂರುತ್ತಾರೆ.

ಹಂತ 1: ಯಂತ್ರ. ಹತ್ತು ಜನ ಟ್ಯಾಲಿ, ಫೈಲ್ ಹಂಚಿಕೊಳ್ಳಲು ನಾಲ್ಕು ಕೋರ್, 16 ಜಿಬಿ ರ‍್ಯಾಮ್ ಸಾಕು. ಗ್ರಾಫಿಕ್ಸ್ ಕಾರ್ಡ್ ಸುಮ್ನೆ ಖರ್ಚು.

ಹಂತ 2: ಡಿಸ್ಕ್. ಒಂದೇ ಅಳತೆಯ ಎರಡು ಹಾಕಿ, ಮಿರರ್ ಮಾಡಿ, ಅಂದರೆ ಬರೆದದ್ದೆಲ್ಲ ಎರಡರಲ್ಲೂ ಒಟ್ಟಿಗೇ ಕೂರುವಂತೆ ಹೊಂದಿಸಿ. ಬಿಲ್ ಇಲ್ಲದ ಅಗ್ಗದ ಡಿಸ್ಕ್ ಬೇಡವೇ ಬೇಡ. ಒಮ್ಮೆ ಹೊಸದೆಂದು ತಂದ ಡಿಸ್ಕಿನ ಸ್ಮಾರ್ಟ್ ರಿಪೋರ್ಟ್ (ಡಿಸ್ಕ್ ತನ್ನ ಬಗ್ಗೆ ತಾನೇ ಇಡುವ ಲೆಕ್ಕ) ತೆಗೆದರೆ 21 ಸಾವಿರ ಗಂಟೆ ಓಡಿದ ಲೆಕ್ಕ ಬಂತು. ಅಂದರೆ ಎಲ್ಲೋ ಹಗಲು ರಾತ್ರಿ ಎರಡು ವರ್ಷಕ್ಕಿಂತ ಜಾಸ್ತಿ ದುಡಿದು ಬಂದದ್ದು. ಅಂಗಡಿಯಲ್ಲೇ ನೋಡಿ ತರಬೇಕಿತ್ತು, ನನ್ನದೇ ತಪ್ಪು.

ಹಂತ 3: ಕರೆಂಟ್. ಎಡವುವುದು ಇಲ್ಲೇ, ನಿಧಾನಕ್ಕೆ ಓದಿ.

ಮೊದಲು ಅರ್ಥಿಂಗ್. ಎಲೆಕ್ಟ್ರಿಷಿಯನ್ ಹತ್ತಿರ ಮಲ್ಟಿಮೀಟರ್ ಇಡಿಸಿ, ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಅಳೆಸಿ. ಎರಡು ಮೂರು ವೋಲ್ಟ್ ದಾಟಿದರೆ ವೈರಿಂಗ್ ಸರಿ ಇಲ್ಲ ಅಂತಲೇ ಲೆಕ್ಕ. ನಮ್ಮದು ಎರೆ ಮಣ್ಣು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಅರ್ಥ್ ಗುಂಡಿ ಒಣಗಿ ಹಿಡಿತ ತಪ್ಪುತ್ತದೆ. ಮಾರ್ಚ್‌ನಿಂದ ಮಳೆ ಬೀಳುವ ತನಕ ವಾರಕ್ಕೊಂದು ಕೊಡ ನೀರು ಹಾಕಿ.

ಆಮೇಲೆ ಯುಪಿಎಸ್. ಡಬ್ಬದ ಮೇಲಿನ ವಿಎ ಅಂದರೆ ವ್ಯಾಟ್ ಅಲ್ಲ. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಹೊರುತ್ತದೆ. ನನ್ನ ಮಾತು ಕೇಳುವುದಾದರೆ 1000 ವಿಎಗಿಂತ ಕೆಳಗೆ ಇಳಿಯಬೇಡಿ. ಪಕ್ಕದಲ್ಲಿ ಮಿಲ್ಲಿನ ಮೋಟರ್ ಶುರುವಾದಾಗ ನಿಮ್ಮ ಬಲ್ಬ್ ಮಂಕಾಗುತ್ತದಾ? ಜನರೇಟರ್ ಮೇಲೆ ಓಡುವ ಆಫೀಸಾ? ಹಾಗಿದ್ದರೆ ಆನ್‌ಲೈನ್ ಯುಪಿಎಸ್ಸೇ ಬೇಕು, ಅಂದರೆ ಬಂದ ಕರೆಂಟನ್ನು ಸದಾ ತಾನೇ ಸರಿಪಡಿಸಿ ಕೊಡುವಂಥದ್ದು. ಮನೆಯ ಇನ್ವರ್ಟರಿಗೆ ಸರ್ವರ್ ಸಿಕ್ಕಿಸುವವರಿಗೆ ನಾನೇನೂ ಹೇಳುವುದಿಲ್ಲ.

ಇನ್ನು ಯುಎಸ್‌ಬಿ ವೈರ್. ಯುಪಿಎಸ್ ಜೊತೆಗೇ ಬಂದಿರುತ್ತದೆ. ಹತ್ತರಲ್ಲಿ ಎಂಟು ಕಡೆ ಅದು ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಡಬ್ಬದಲ್ಲೇ ಮಲಗಿರುತ್ತದೆ. ಅದನ್ನು ಸರ್ವರಿಗೆ ಸಿಕ್ಕಿಸಿ, ಕರೆಂಟ್ ಹೋಗಿ ಐದು ನಿಮಿಷಕ್ಕೆ ತಾನೇ ಶಟ್‌ಡೌನ್ ಆಗುವಂತೆ ಹೊಂದಿಸಿ. ಲಿನಕ್ಸ್‌ನಲ್ಲಿ ಈ ಕೆಲಸಕ್ಕೆ 'ನಟ್' ಅನ್ನುವ ತಂತ್ರಾಂಶ ಇದೆ. ಇಲ್ಲದಿದ್ದರೆ ರಾತ್ರಿ ಬ್ಯಾಟರಿ ಮುಗಿದು, ಬರೆಯುತ್ತಿದ್ದ ಫೈಲ್ ಅರ್ಧಕ್ಕೇ ನಿಲ್ಲುತ್ತದೆ. ಹೊಂದಿಸಿದ ಮೇಲೆ ಪ್ಲಗ್ ಕಿತ್ತು, ಎದುರಿಗೇ ನಿಂತು ನೋಡಿ.

ಬ್ಯಾಟರಿಯ ಬಿಸಿ ಹತ್ತು ಡಿಗ್ರಿ ಏರಿದರೆ ಅದರ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ. ನಮ್ಮೂರಲ್ಲಿ ಎರಡು ವರ್ಷಕ್ಕೆ ಬದಲಿಸುವುದೇ ಲೇಸು.

ಹಂತ 4: ಜಾಗ. ಬೇಸಿಗೆಯಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಸರ್ವರಿಗೆ ಆ ಸವಲತ್ತಿಲ್ಲ. ಪಶ್ಚಿಮದ ಗೋಡೆ ಬೇಡ, ಮುಚ್ಚಿದ ಅಲಮಾರಿಯಂತೂ ಬೇಡವೇ ಬೇಡ. ನೆಲದಿಂದ ಎರಡು ಅಡಿ ಮೇಲಿಡಿ.

ಹಂತ 5: ತಂತ್ರಾಂಶ. ಬರೀ ಫೈಲ್ ಹಂಚಲು ಡೆಬಿಯನ್ (ಒಂದು ಬಗೆಯ ಲಿನಕ್ಸ್), ಸಾಂಬಾ (ಫೈಲ್ ಹಂಚುವ ತಂತ್ರಾಂಶ) ಸಾಕು, ಎರಡೂ ಉಚಿತ. ಕಮಾಂಡ್ ಟೈಪ್ ಮಾಡುವ ಕಪ್ಪು ಪರದೆ ಕಂಡರೆ ಹೆದರಿಕೆ ಅನ್ನುವವರಿಗೆ ಓಪನ್‌ಮೀಡಿಯಾವಾಲ್ಟ್ ಇದೆ, ಬ್ರೌಸರಿನಲ್ಲೇ ಎಲ್ಲ ಹೊಂದಿಸಬಹುದು. ಸರ್ವರಿನಲ್ಲೇ ಟ್ಯಾಲಿ ಓಡಿಸಬೇಕೆಂದರೆ ವಿಂಡೋಸ್ ಕೊಳ್ಳಿ. ಸಾಮಾನ್ಯ ವಿಂಡೋಸ್ 11 ಪ್ರೊ ಒಮ್ಮೆಗೆ 20 ಸಂಪರ್ಕ ಮಾತ್ರ ಒಪ್ಪುತ್ತದೆ, ಸಣ್ಣ ಆಫೀಸಿಗೆ ಅಷ್ಟು ಸಾಕಲ್ವಾ? ಟ್ಯಾಲಿ ಸಿಲ್ವರ್ ಒಬ್ಬರಿಗೇ, ಹೆಚ್ಚು ಜನರಿಗೆ ಗೋಲ್ಡ್ ಬೇಕು. ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕಿಕೊಡುವವನನ್ನು ಬಾಗಿಲಿಂದಲೇ ಕಳಿಸಿ.

ಹಂತ 6: ಬ್ಯಾಕಪ್. "ಡಬಲ್ ಡಿಸ್ಕ್ ಅದಾವಲ್ರೀ, ಮತ್ಯಾಕ ಬ್ಯಾಕಪ್?" ಅಂತ ಸಾಹುಕಾರರೊಬ್ಬರು ಕೇಳಿದ್ದರು. ಮುನೀಮ ಒಂದು ಫೋಲ್ಡರ್ ಅಳಿಸಿದರೆ ಮಿರರ್ ಎರಡೂ ಡಿಸ್ಕಿನಲ್ಲಿ ಅದನ್ನು ಅಳಿಸುತ್ತದೆ ರೀ, ಅಂದೆ. ಎರಡು ಯುಎಸ್‌ಬಿ ಡಿಸ್ಕ್ ಇಟ್ಟುಕೊಳ್ಳಿ. ಇವತ್ತು ಒಂದು ಸರ್ವರಿಗೆ, ಇನ್ನೊಂದು ಸಾಹುಕಾರರ ಚೀಲದಲ್ಲಿ ಮನೆಗೆ, ನಾಳೆ ಅದಲು ಬದಲು. ಯಾವಾಗಲೂ ಸಿಕ್ಕಿಸಿಯೇ ಬಿಟ್ಟರೆ, ಫೈಲಿಗೆ ಬೀಗ ಜಡಿದು ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಅದನ್ನೂ ಬಿಡುವುದಿಲ್ಲ.

ಅಮಾವಾಸ್ಯೆ ಪೂಜೆಗೆ ಹೇಗೂ ಯಂತ್ರ ಒರೆಸುತ್ತೀರಿ. ಅವತ್ತೇ ಫ್ಯಾನಿನ ದೂಳು ಊದಿ, ಬ್ಯಾಕಪ್‌ನಿಂದ ಹಳೆಯ ಬಿಲ್ ಒಂದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ.