ಧರೆ ಬದಿಯ ಕೆಳಕೋಣೆಯ ಥಂಡಿ ತೆಗೆದದ್ದು

ತೀರ್ಥಹಳ್ಳಿ ಕಡೆ ಧರೆ (ಗುಡ್ಡದ ಇಳಿಜಾರು) ಕಡಿದು ಕಟ್ಟಿದ ಮನೆಗಳಲ್ಲಿ ಕೆಳಕೋಣೆಯ ಹಿಂಗೋಡೆ ಮೂರು ನಾಲ್ಕು ಅಡಿ ಮಣ್ಣಿಗೇ ಒರಗಿರುತ್ತದೆ. ನಮ್ಮದೂ ಹಾಗೇ, ಜಂಬಿಟ್ಟಿಗೆ ಗೋಡೆ. ಆ ಕಲ್ಲು ನೀರು ಹೀರುತ್ತದೆ. ಒಳಗಿನಿಂದ ವಾಟರ್‌ಪ್ರೂಫ್ ಪೇಂಟ್ ಬಳಿದರೆ ಮುಂದಿನ ಆರಿದ್ರಾ ಮಳೆಗೆ ಅದು ಗುಳ್ಳೆ ಎದ್ದು ಹಪ್ಪಳದ ಹಾಗೆ ಕಳಚುತ್ತದೆ. ನೀರನ್ನು ಹೊರಗೇ ತಡೆಯಬೇಕು.

ಮೊದಲು ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಎರಡು ದಿನ ಬಿಟ್ಟೆ. ಹಾಳೆಯ ಹಿಂದೆ ಹನಿ ಕಂಡರೆ ಗೋಡೆಯ ಜಲ, ಮುಂದೆ ಕಂಡರೆ ಗಾಳಿಯ ತೇವ. ನಮ್ಮಲ್ಲಿ ಎರಡೂ ಇತ್ತು.

ಫೆಬ್ರವರಿಯಲ್ಲಿ, ಮಣ್ಣು ಒಣಗಿದ್ದಾಗ, ಗೋಡೆಗುಂಟ 24 ಅಡಿ ಉದ್ದ, ಒಂದೂವರೆ ಅಡಿ ಅಗಲದ ಅಗಳು ತೆಗೆಸಿದೆ. ಆಳ ಒಳನೆಲಕ್ಕಿಂತ ಅರ್ಧ ಅಡಿ ಕೆಳಗೆ. ಪಂಚಾಂಗದ (ಅಡಿಪಾಯದ) ತಳಕ್ಕಿಂತ ಕೆಳಗೆ ಹೋದರೆ ಮನೆಯೇ ಕೂರುತ್ತದೆ. ಒಂದೇ ಸಲ ಪೂರ್ತಿ ಅಗೆಯಬಾರದು, ಬುಡ ಸಡಿಲಾಗಿ ಧರೆ ಜರಿಯುತ್ತದೆ. ಎಂಟೆಂಟು ಅಡಿ ಅಗೆದು, ಮುಗಿಸಿ ಮುಂದೆ ಹೋದೆವು. ಗೋಡೆಯ ಹೊರಮೈ ತಿಕ್ಕಿ ತೊಳೆದು, ಗಾರೆ ಮಾಡಿ, ಅದು ಒಣಗಿದ ಮೇಲೆ ಎರಡು ಕೋಟ್ ಬಿಟುಮೆನ್ ಹಚ್ಚಿದ್ದಾಯಿತು.

ಅಗಳಿಗೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಮೂರಿಂಚು 20 ಎಂಎಂ ಜಲ್ಲಿ, ಅದರ ಮೇಲೆ ತೂತು ಕೊರೆದ ನಾಲ್ಕಿಂಚಿನ ಪಿವಿಸಿ ಪೈಪು. ತೂತು ಕೆಳಮುಖವಾಗಿರಬೇಕು: ನೀರು ಕೆಳಗಿನಿಂದ ತುಂಬಿ ಬರುವುದು. 24 ಅಡಿಗೆ ಮೂರಿಂಚು ಇಳಿಜಾರು. ಮತ್ತೆ ಜಲ್ಲಿ ತುಂಬಿ ಬಟ್ಟೆ ಮಡಚಿ, ಮೇಲೆ ಅರ್ಧ ಅಡಿ ಜೇಡಿಮಣ್ಣು ಗುದ್ದಿದೆವು. ಬಟ್ಟೆಗೆ ಖರ್ಚು ಯಾಕೆ ಅಂತ ಬಿಟ್ಟವರ ಜಲ್ಲಿಯೊಳಗೆ ಕೆಮ್ಮಣ್ಣು ಇಳಿದು ಕಟ್ಟಿಕೊಳ್ಳುತ್ತದೆ. ಪೈಪಿನ ತುದಿ ತೋಟದ ಬಸಿಗಾಲುವೆಗೆ; ಏಡಿ, ಇಲಿ ನುಗ್ಗದ ಹಾಗೆ ಬಲೆ ಕಟ್ಟಿದೆ.

ಒಳಗೆ ಸಿಮೆಂಟ್ ಗಾರೆ ಕೆತ್ತಿ ತೆಗೆದು, ಬೇಸಿಗೆಯಿಡೀ ಗೋಡೆ ಬರಿದೇ ಬಿಟ್ಟು, ಮೇ ಹೊತ್ತಿಗೆ 1:3 (ಒಂದು ಪಾಲು ಸುಣ್ಣ, ಮೂರು ಪಾಲು ಮರಳು) ಸುಣ್ಣದ ಗಾರೆ. ಸುಣ್ಣದಲ್ಲಿ ಉಳಿದ ತೇವ ಹೊರಬೀಳುತ್ತದೆ, ಸಿಮೆಂಟ್ ಅದನ್ನು ಒಳಗೇ ಕಟ್ಟಿಹಾಕುತ್ತದೆ.

ಇನ್ನು ಗಾಳಿಯ ತೇವ. ಮಳೆಗಾಲದಲ್ಲಿ ಕಿಟಕಿ ತೆರೆದರೆ ಕೋಣೆ ಒಣಗುತ್ತದೆ ಅನ್ನುವುದು ತಪ್ಪು. ಹೊರಗೆ 24 ಡಿಗ್ರಿ, ಶೇ. 90 ತೇವ ಇದ್ದರೆ 22 ಡಿಗ್ರಿಯ ಗೋಡೆ ಬೆವರುತ್ತದೆ, ಮೂಲೆಯಲ್ಲಿ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಬಾಗಿಲು ಮುಚ್ಚಿ, ಗಾಳಿಯ ತೇವ ಎಳೆಯುವ ಡಿಹ್ಯುಮಿಡಿಫೈಯರ್ ಯಂತ್ರ ಹಾಕುತ್ತೇನೆ, ಮೀಟರಿನಲ್ಲಿ ಶೇ. 60ಕ್ಕೆ ಇಳಿಯುವವರೆಗೆ. ಅಡಕೆ ಚೀಲಗಳು ಗೋಡೆಯಿಂದ ಒಂದಡಿ ದೂರ, ಹಲಗೆಯ ಮೇಲೆ.

ಪ್ರತಿ ವರ್ಷ ಮೃಗಶಿರಾ ಮಳೆಗೆ ಮುಂಚೆ ಪೈಪಿನ ಮೇಲ್ತುದಿಗೆ ಅರ್ಧ ಗಂಟೆ ನೀರು ಬಿಟ್ಟು ನೋಡುತ್ತೇನೆ. ತೋಟದ ತುದಿಯಲ್ಲಿ ಕೆಂಪು ನೀರು ಬಂದರೆ ಬಟ್ಟೆ ಎಲ್ಲೋ ಹರಿದಿದೆ.