ಕೆರೆ ಉಳಿಸೋಕೆ ಸಂವಿಧಾನ ಬಳಸುವುದು ಹೇಗೆ?

ಮಳೆ ಕೈಕೊಟ್ಟರೆ ಚಳ್ಳಕೆರೆ, ಜಗಳೂರು ಕಡೆ ಏನಾಗುತ್ತೆ ಅಂತ ನಮಗೆಲ್ಲ ಗೊತ್ತು. ಅಂಥ ಕಡೆ ಕೆರೆ ಒತ್ತುವರಿ ಆದರೆ ಊರಿನ ಕುಡಿಯುವ ನೀರಿಗೇ ಕುತ್ತು. ಕೋರ್ಟಿಗೆ ಹಾಕುವ ಅರ್ಜಿಯಲ್ಲೂ ಇದನ್ನೇ ಮೊದಲು ಬರೆಯಿರಿ.

ಬಹಳ ಜನ 48ಎ ವಿಧಿ ಒಂದನ್ನೇ ನಂಬುತ್ತಾರೆ. ಸರ್ಕಾರ ಪರಿಸರ ಕಾಪಾಡಬೇಕು ಅನ್ನುವ ಈ ವಿಧಿ 1976ರ 42ನೇ ತಿದ್ದುಪಡಿಯಲ್ಲಿ ಬಂತು. ಆದರೆ ಅದು ಸರ್ಕಾರಕ್ಕೆ ದಾರಿ ತೋರಿಸುವ ನಿರ್ದೇಶಕ ತತ್ವ, ಅದೊಂದರಿಂದಲೇ ಕೋರ್ಟಿನಲ್ಲಿ ಹಕ್ಕು ಕೇಳೋಕೆ ಆಗಲ್ಲ. ಅದಕ್ಕೇ ಬದುಕುವ ಹಕ್ಕು ಕೊಡುವ 21ನೇ ವಿಧಿಯ ಜೊತೆ ಸೇರಿಸಿ. ಶುದ್ಧ ನೀರು, ಗಾಳಿ ಬದುಕುವ ಹಕ್ಕಿನೊಳಗೇ ಬರುತ್ತೆ ಅಂತ ಸುಪ್ರೀಂ ಕೋರ್ಟ್ 1991ರಲ್ಲೇ ಸುಭಾಷ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. 2024ರ ರಂಜಿತ್‌ಸಿಂಹ್ ತೀರ್ಪು ಇನ್ನೂ ಮುಂದೆ ಹೋಗಿ, ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ರಕ್ಷಣೆಯೂ 14 ಮತ್ತು 21ನೇ ವಿಧಿಯಡಿ ನಮ್ಮ ಹಕ್ಕು ಎಂದಿತು. ಬರದ ನಾಡಿನವರಿಗೆ ಇದಕ್ಕಿಂತ ಹತ್ತಿರದ ಮಾತು ಬೇರೆ ಇಲ್ಲ. ಕೆರೆ, ಕುಂಟೆ ಉಳಿಸಬೇಕು ಅಂದ 2001ರ ಹಿಂಚ್ ಲಾಲ್ ತಿವಾರಿ ತೀರ್ಪನ್ನೂ ಸೇರಿಸಿ.

ಈಗ ಕಾಗದ. ಗ್ರಾಮ ನಕ್ಷೆ, ಪಹಣಿ, ಫೋಟೊ ಬೇಕೇ ಬೇಕು. ಕೊಡದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನದೊಳಗೆ ಉತ್ತರ ಕೊಡಬೇಕು. ತಹಶೀಲ್ದಾರರಿಗೆ ಬರೆದು ಸ್ವೀಕೃತಿ ಇಟ್ಟುಕೊಳ್ಳಿ, ಯಾಕಂದರೆ ಅಧಿಕಾರಿಯನ್ನು ಮೊದಲು ಕೇಳಿದಿರಾ ಅಂತ ನ್ಯಾಯಾಧೀಶರು ಕೇಳಿಯೇ ಕೇಳುತ್ತಾರೆ.

ನಮ್ಮ ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಗೆ ಹೈಕೋರ್ಟ್ ಅಂದರೆ ಬೆಂಗಳೂರು, ಅಲ್ಲಿ 226ನೇ ವಿಧಿಯಡಿ ರಿಟ್, ಅಂದರೆ ಅಧಿಕಾರಿಗಳಿಗೆ ಆದೇಶ ಕೊಡಿ ಅಂತ ಕೇಳುವ ಅರ್ಜಿ ಹಾಕಬೇಕು. ಮಾಲಿನ್ಯದ ವಿಷಯವಾದರೆ ಚೆನ್ನೈನ ಹಸಿರು ನ್ಯಾಯಮಂಡಳಿಗೂ ಹೋಗಬಹುದು, ಆದರೆ ಸಾಮಾನ್ಯವಾಗಿ 6 ತಿಂಗಳೊಳಗೆ ಹೋಗಬೇಕು. ತಡ ಮಾಡಬೇಡಿ.

ಕೇಳುವುದನ್ನು ಬಿಡಿಸಿ ಕೇಳಿ. ಸುಮ್ನೆ ‘ಪರಿಸರ ಉಳಿಸಿ’ ಅಂದರೆ ಸಿಗೋದು ಬರೀ ಭರವಸೆ. ಸರ್ವೆ ಇಷ್ಟು ದಿನದಲ್ಲಿ ಆಗಬೇಕು, ಒತ್ತುವರಿ ತೆಗೆಯಬೇಕು, ನೀರು ಬರುವ ಕಾಲುವೆ ಬಿಡಿಸಬೇಕು, ಆಗಿದ್ದನ್ನು ಕೋರ್ಟಿಗೆ ವರದಿ ಮಾಡಬೇಕು ಅಂತ ಬರೆಯಿರಿ. 2011ರಲ್ಲಿ ಚಿತ್ರದುರ್ಗದ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿದ್ದು ನೆನಪಿದೆ ಅಲ್ವಾ? ಆಗ ಒಂದೊಂದು ಗಣಿಯನ್ನೂ ಅಳೆಸಿ, ಅಕ್ರಮ ಎಷ್ಟು ಅಂತ ನೋಡಿ ವಿಂಗಡಿಸಿದರು, ಕೆಟ್ಟ ನೆಲ ಸರಿಪಡಿಸುವ ಯೋಜನೆ ಇಲ್ಲದೆ ಮತ್ತೆ ತೆರೆಯಲು ಬಿಡಲಿಲ್ಲ. ಅಷ್ಟು ಸ್ಪಷ್ಟವಾದ ಆದೇಶವೇ ಕೆರೆಗೂ ಬೇಕು.

ವಕೀಲರ ಫೀಸಿಗೆ ಹೆದರಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಉಚಿತ ನೆರವಿದೆ. ಬರಕ್ಕೆ ಸಿಕ್ಕಿ ಕಷ್ಟದಲ್ಲಿರುವವರೂ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪಟ್ಟಿಯಲ್ಲಿದ್ದಾರೆ.